ಫೋನು ಹಳೆಯದಾಯಿತೋ, ಬ್ಯಾಟರಿ ಹಳೆಯದಾಯಿತೋ?

ಶಿಯೋಮಿಯ ರೆಡ್‌ಮಿ ನೋಟ್ 4 ಭಾರತಕ್ಕೆ ಬಂದದ್ದು 2017ರ ಜನವರಿಯಲ್ಲಿ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇದ್ದ ಮಾದರಿಗೆ ಆಗ 12,999 ರೂಪಾಯಿ. ಲೋಹದ ಮೈ, 4,100 ಎಂಎಎಚ್ ಬ್ಯಾಟರಿ, ಎಷ್ಟು ದುಡಿಸಿದರೂ ಅಷ್ಟಾಗಿ ಕಾಯದ ಸ್ನ್ಯಾಪ್‌ಡ್ರಾಗನ್ 625 ಪ್ರೊಸೆಸರ್. ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜಿಗೆ ದಾಟುತ್ತಾ ಈ ಫೋನು ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಅದರ ಬಗ್ಗೆ ಮನೆಮಂದಿಯ ತೀರ್ಪು ಮಾತ್ರ ಎಲ್ಲ ಕಡೆ ಒಂದೇ: ‘ಸ್ಲೋ ಆಗಿದೆ, ಚಾರ್ಜ್ ನಿಲ್ಲಲ್ಲ, ಹೊಸದು ತಗೊಂಡುಬಿಡೋಣ.’

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಹಳೇ ಫೋನಿನಲ್ಲಿ ಮೊದಲು ಕೈಕೊಡುವುದು ಪ್ರೊಸೆಸರ್ ಅಲ್ಲ, ಮದರ್‌ಬೋರ್ಡೂ ಅಪರೂಪ. ಸವೆಯುವುದು ಬ್ಯಾಟರಿ, ಚಾರ್ಜಿಂಗ್ ಪಿನ್; ತುಂಬಿ ತುಳುಕುವುದು ಸ್ಟೋರೇಜ್. ಯಾವುದು ಕೆಟ್ಟಿದೆಯೆಂದು ನೋಡದೆ ಫ್ಯಾಕ್ಟರಿ ರಿಸೆಟ್ ಒತ್ತುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಬ್ಯಾಟರಿಯಿಂದಲೇ ಶುರುಮಾಡೋಣ. ಶೇ 30 ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದೊಡನೆ ಆರಿಹೋಗುತ್ತದೆ. ಚಾರ್ಜರ್ ಚುಚ್ಚಿ ಆನ್ ಮಾಡಿದರೆ ಮತ್ತೆ ಶೇ 25 ಎನ್ನುತ್ತದೆ. ಇದನ್ನು ನೋಡಿ ‘ಐಸಿ ಹೋಗಿದೆ’ ಎನ್ನುವ ಅಂಗಡಿಯವರಿದ್ದಾರೆ, ಅವಸರದಲ್ಲಿ ನಂಬಬೇಡಿ. ಲಿಥಿಯಂ ಬ್ಯಾಟರಿ ಮುದಿಯಾದಂತೆ ಅದು ಹಿಡಿದಿಡುವ ಚಾರ್ಜ್ ಕಡಿಮೆಯಾಗುವುದಷ್ಟೇ ಅಲ್ಲ, ಒಳಗಿನ ರೋಧವೂ ಏರುತ್ತದೆ. ಕ್ಯಾಮೆರಾ, ಫ್ಲ್ಯಾಶ್ ಇವೆಲ್ಲ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತವೆ. ಆ ಕ್ಷಣದಲ್ಲಿ ವೋಲ್ಟೇಜ್ ಕುಸಿದರೆ ಫೋನು ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಭಾರ ಇಳಿದ ಮೇಲೆ ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ, ಅದಕ್ಕೇ ಆ ಶೇ 25.

ಬ್ಯಾಟರಿಗೂ ವೇಗಕ್ಕೂ ನಂಟಿದೆ ಎಂಬುದು ಲೋಕಕ್ಕೆ ತಿಳಿದದ್ದು ಆಪಲ್‌ನಿಂದ. ಹೀಗೆ ಹಠಾತ್ತನೆ ಆಫ್ ಆಗುವುದನ್ನು ತಡೆಯಲು ಅದು 2017ರ ಆರಂಭದಲ್ಲಿ ಬಿಟ್ಟ ಐಓಎಸ್ 10.2.1ರಲ್ಲಿ, ಬ್ಯಾಟರಿ ಸೋತ ಐಫೋನ್‌ಗಳ ಪ್ರೊಸೆಸರ್ ವೇಗಕ್ಕೆ ಕಡಿವಾಣ ಹಾಕಿತು. ಬಳಸುವವರಿಗೆ ಅದನ್ನು ಬಿಡಿಸಿ ಹೇಳಲಿಲ್ಲ. ಅದೇ ಡಿಸೆಂಬರಿನಲ್ಲಿ ವಿಷಯ ಬಯಲಾಗಿ, ಆಪಲ್ ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ‘ಸ್ಲೋ’ ಆಗಿದ್ದ ಐಫೋನ್ 6ಎಸ್‌ಗಳು ಬ್ಯಾಟರಿ ಬದಲಾದೊಡನೆ ಮೊದಲಿನ ವೇಗಕ್ಕೆ ಬಂದವು.

ನೋಟ್ 4ಕ್ಕೆ ಬ್ಯಾಟರಿ ತರುವವರು ಒಂದು ಸಂಗತಿ ನೆನಪಿಡಬೇಕು. ಇದೇ ಹೆಸರಿನಲ್ಲಿ ಮೀಡಿಯಾಟೆಕ್ ಪ್ರೊಸೆಸರಿನ ಇನ್ನೊಂದು ಮಾದರಿಯೂ ಇತ್ತು, ಅದರದ್ದು ಬಿಎನ್41. ನಮ್ಮಲ್ಲಿ ಮಾರಾಟವಾದ ಸ್ನ್ಯಾಪ್‌ಡ್ರಾಗನ್ ಮಾದರಿಗೆ ಬೇಕಾದದ್ದು ಬಿಎನ್43. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ನಿಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಾಗಲಿ ಆ ಸಂಖ್ಯೆ ಹೇಳಿಯೇ ಕೇಳಿ. ಅದೇ ಅಳತೆಯ ಬ್ಯಾಟರಿಯ ಮೇಲೆ 6,000 ಎಂಎಎಚ್ ಎಂದು ಅಚ್ಚಾಗಿದ್ದರೆ ಮುಟ್ಟಲೇಬೇಡಿ, ಅಷ್ಟು ಜಾಗದಲ್ಲಿ ಅಷ್ಟು ಚಾರ್ಜ್ ಹಿಡಿಯುವುದಿಲ್ಲ. ಹಿಂಬದಿಯ ಮುಚ್ಚಳ ಬಿಚ್ಚುವಾಗ ಬೆರಳಚ್ಚಿನ ಸೆನ್ಸರಿನ ತೆಳು ಪಟ್ಟಿ ಬೋರ್ಡಿಗೆ ಅಂಟಿಕೊಂಡಿರುತ್ತದೆ, ರಭಸದಲ್ಲಿ ಎಳೆದರೆ ಹರಿಯುತ್ತದೆ. ಅನುಭವವಿಲ್ಲದವರು ಅಂಗಡಿಯಲ್ಲೇ ಹಾಕಿಸುವುದು ಲೇಸು. ಇನ್ನು ಬ್ಯಾಟರಿ ಉಬ್ಬಿ ಡಿಸ್‌ಪ್ಲೇ ಮೇಲೆದ್ದಿದ್ದರೆ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ.

‘ಚಾರ್ಜೇ ಆಗ್ತಿಲ್ಲ’ ಎನ್ನುವ ದೂರಿನಲ್ಲಿ ಮೊದಲು ಬದಲಿಸಿ ನೋಡಬೇಕಾದದ್ದು ಕೇಬಲ್. ಮೈಕ್ರೋ ಯುಎಸ್‌ಬಿ ರೂಪಿಸಿದವರು ಹಿಡಿತದ ಸ್ಪ್ರಿಂಗುಗಳನ್ನು ಬೇಕೆಂದೇ ಕೇಬಲ್ಲಿನ ತುದಿಗೆ ಕೊಟ್ಟರು. ಸವೆದರೆ ಅಗ್ಗದ ಕೇಬಲ್ ಸವೆಯಲಿ, ಫೋನು ಉಳಿಯಲಿ ಎಂಬ ಲೆಕ್ಕಾಚಾರ. ಹೊಸ ಕೇಬಲ್ಲೂ ಸಡಿಲವಾಗಿ ಕೂತರೆ ಪಿನ್ನಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಜೇಬಿನ ನೂಲು, ಧೂಳು ಎಲ್ಲ ಸೇರಿ ಒಳಗೆ ಬೂದುಬಣ್ಣದ ಗಟ್ಟಿ ಪದರವಾಗಿ ಕೂತಿರುತ್ತದೆ. ದಿನವೂ ಕೇಬಲ್ ಚುಚ್ಚುವಾಗ ನಾವೇ ಅದನ್ನು ಒಳಕ್ಕೆ ಒತ್ತಿ ಒತ್ತಿ ಕೂರಿಸಿರುತ್ತೇವೆ. ಫೋನ್ ಆಫ್ ಮಾಡಿ, ಉರಿದು ಮುಗಿದ ಊದುಬತ್ತಿಯ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ, ಕಾಗದದಷ್ಟು ತೆಳ್ಳಗೆ ಹೆರೆದುಕೊಳ್ಳಿ. ನಡುವಿನ ಪುಟ್ಟ ನಾಲಿಗೆಗೆ ತಾಗದಂತೆ ಗೋಡೆಯ ಬದಿಯಿಂದ ಒಳಗೆ ಬಿಟ್ಟು, ಮೆಲ್ಲಗೆ ಹೊರಕ್ಕೆ ಕೆರೆಯಿರಿ. ಪದರ ಒಂದೇ ತುಣುಕಾಗಿ ಎದ್ದು ಬರುವುದುಂಟು. ಸೂಜಿ, ಪಿನ್ನು ಬೇಡ, ನಾಲಿಗೆ ಬಾಗುತ್ತದೆ. ಬಾಯಿಂದ ಊದುವುದೂ ಬೇಡ, ಉಗುಳಿನ ತೇವ ಒಳಗೆ ಹೋಗುತ್ತದೆ.

ಚಾರ್ಜಿಂಗ್ ತೊಂದರೆಯ ಜತೆಗೇ ‘ನಿಮ್ಮ ಮಾತು ಕೇಳಿಸ್ತಿಲ್ಲ’ ಎಂದು ಆ ಕಡೆಯವರು ಹೇಳತೊಡಗಿದರೆ ಸುಳಿವು ಇನ್ನೂ ಸ್ಪಷ್ಟ. ನೋಟ್ 4ರಲ್ಲಿ ಮೈಕೂ ಪಿನ್ನೂ ಕೆಳಗಿನ ಒಂದೇ ಸಬ್‌ ಬೋರ್ಡಿನಲ್ಲಿವೆ. ಅದಷ್ಟನ್ನೇ ಬದಲಿಸಬಹುದು. ಅನುಮಾನವಿದ್ದರೆ ಡಯಲ್ ಪ್ಯಾಡಿನಲ್ಲಿ *#*#6484#*#* ಒತ್ತಿ, ಶಿಯೋಮಿಯ ಹಾರ್ಡ್‌ವೇರ್ ಪರೀಕ್ಷೆ ತೆರೆದುಕೊಂಡು ಮೈಕ್, ಸ್ಪೀಕರ್, ಟಚ್ ಒಂದೊಂದನ್ನೇ ನೋಡಲು ಬಿಡುತ್ತದೆ. ಅಂಗಡಿಗೆ ಹೋಗುವ ಮುನ್ನ ಇದನ್ನು ಮಾಡಿಕೊಂಡವರಿಗೆ ಯಾವ ಭಾಗ ಕೇಳಬೇಕೆಂದು ಗೊತ್ತಿರುತ್ತದೆ.

ಸ್ಕ್ರೀನು ತಾನೇ ತಾನಾಗಿ ಒತ್ತಿಕೊಳ್ಳುತ್ತಿದ್ದರೆ ‘ಕಾಂಬೋ’ (ಡಿಸ್‌ಪ್ಲೇ, ಟಚ್ ಸೇರಿದ ಭಾಗ) ಬದಲಿಸಲು ಒಪ್ಪುವ ಮುಂಚೆ ಚಾರ್ಜರ್ ಕಿತ್ತು ನೋಡಿ. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲವೇ ಟಚ್ಚನ್ನು ದಾರಿ ತಪ್ಪಿಸುವುದು ಬಹಳ ಸಾಮಾನ್ಯ.

ನಿಧಾನಗತಿಗೆ ಬ್ಯಾಟರಿಗಿಂತ ದೊಡ್ಡ ಕಾರಣ ಸ್ಟೋರೇಜ್. ನಮ್ಮ ಗುಡ್ ಮಾರ್ನಿಂಗ್ ಚಿತ್ರಗಳು ಭಾರತದ ಫೋನುಗಳನ್ನು ತುಂಬಿಸುತ್ತಿವೆ ಎಂದು ವಾಲ್ ಸ್ಟ್ರೀಟ್ ಜರ್ನಲ್ 2018ರಲ್ಲಿ ವರದಿ ಮಾಡಿತ್ತು. ಅದಕ್ಕೆ ತುಸು ಮುಂಚೆ ಗೂಗಲ್, ಇಂಥವನ್ನು ಅಳಿಸಿ ಜಾಗ ಮಾಡಿಕೊಡುವ ಫೈಲ್ಸ್ ಗೋ ಆ್ಯಪ್ ಬಿಟ್ಟಿತ್ತು. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲಾಗದು, ಮೊದಲು ಒಂದಿಡೀ ಭಾಗವನ್ನು ಅಳಿಸಬೇಕು. ಖಾಲಿ ಜಾಗವೇ ಇಲ್ಲದಿದ್ದರೆ ಪ್ರತಿ ಸಣ್ಣ ಬರಹಕ್ಕೂ ಒಳಗೆ ಸಾಮಾನು ಎತ್ತಿಡುವ ಕೆಲಸ ನಡೆಯುತ್ತದೆ, ಫೋನು ತಡವರಿಸುತ್ತದೆ. ಆರರಲ್ಲಿ ಒಂದು ಪಾಲಾದರೂ ಖಾಲಿ ಇಡಿ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಮ್ಯಾನೇಜ್ ಸ್ಟೋರೇಜ್‌ನಲ್ಲಿ ದೊಡ್ಡ ವಿಡಿಯೊಗಳು ಸಾಲಾಗಿ ಸಿಗುತ್ತವೆ. ಅಳಿಸಿದ ಮೇಲೆ ಆಟೊ ಡೌನ್‌ಲೋಡ್ ನಿಲ್ಲಿಸದಿದ್ದರೆ ಬಹುಬೇಗ ಮತ್ತೆ ಅದೇ ಪಾಡು.

ಬ್ಯಾಟರಿ ಪೂರಾ ಸತ್ತು ಎದ್ದ ಫೋನಿನಲ್ಲಿ ವೆಬ್‌ಸೈಟ್‌ಗಳು ಭದ್ರತೆಯ ಎಚ್ಚರಿಕೆ ಕೊಟ್ಟರೆ ದಿನಾಂಕ ನೋಡಿ, ಹಳೇ ತಾರೀಖಿಗೆ ಜಾರಿರುತ್ತದೆ. ದಿನಾಂಕ ಸರಿಯಿದ್ದೂ ಕೆಲವು ಆ್ಯಪ್‌ಗಳು ಸರ್ವರಿಗೆ ಸೇರದಿದ್ದರೆ ಕಾರಣ ಬೇರೆ. ಅಸಂಖ್ಯ ತಾಣಗಳು ತಮ್ಮ ಅಸಲಿತನ ತೋರಿಸಲು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇಲ್ಲ. ಅವುಗಳಿಗೆಂದು ಮಾಡಿದ್ದ ತಾತ್ಕಾಲಿಕ ಏರ್ಪಾಡು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ನೋಟ್ 4ಕ್ಕೆ ಕಂಪನಿ ಕೊಟ್ಟ ಕೊನೆಯ ಆಂಡ್ರಾಯ್ಡ್ 7.0. ಕ್ರೋಮ್ ಕೂಡ ಆಂಡ್ರಾಯ್ಡ್ 7ನ್ನು 119ನೇ ಆವೃತ್ತಿಯ ನಂತರ ಕೈಬಿಟ್ಟಿತು.

ರಿಪೇರಿಗೆ ನಿಲುಕದ ಗಡಿ ಇದೇ. ಭದ್ರತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್, ಯುಪಿಐ ಇಟ್ಟುಕೊಳ್ಳಬೇಡಿ ಎಂದೇ ನನ್ನ ಖಡಾಖಂಡಿತ ಸಲಹೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಬೇರೆ ಫೋನಿಗೆ ಹಾಕಿ, ಖಾತೆಗಳಿಂದ ಲಾಗ್‌ಔಟ್ ಆಗಿ. ಉಳಿದದ್ದಕ್ಕೆ ನೋಟ್ 4 ಈಗಲೂ ಗಟ್ಟಿ: ಎಫ್‌ಎಂ ರೇಡಿಯೊ ಇದೆ, ಹೆಡ್‌ಫೋನ್ ಜ್ಯಾಕ್ ಇದೆ, ಟಿವಿ, ಸೆಟ್‌ಟಾಪ್ ಬಾಕ್ಸುಗಳಿಗೆ ರಿಮೋಟ್ ಆಗಬಲ್ಲ ಇನ್‌ಫ್ರಾರೆಡ್ ನೆತ್ತಿಯ ಮೇಲೇ ಇದೆ. ಇವತ್ತಿನ ಎಲ್ಲ ಹೊಸ ಫೋನುಗಳಲ್ಲೂ ಇವೆಲ್ಲ ಒಟ್ಟಿಗೆ ಇರುವುದಿಲ್ಲ.