ಲಾಂಛನ, ಶಿಲುಬೆ ಮತ್ತು ಹೆಸರು

ಮರಣದ ಮುಂದೆ ಎಲ್ಲರೂ ಸಮಾನರು ಎಂಬ ಮಾತನ್ನು ಪ್ರತಿವರ್ಷ ನವೆಂಬರ್ ತಿಂಗಳ ಮೃತರ ಸ್ಮರಣೆಯಲ್ಲಿ ಕೇಳುತ್ತೇವೆ. ಆದರೆ ಸ್ಮಶಾನದೊಳಗೆ ಕಾಲಿಟ್ಟರೆ ಆ ಸಮಾನತೆ ಕಣ್ಣಿಗೆ ಬೀಳುವುದು ಅಪರೂಪ. ಒಂದೆಡೆ ಅಮೃತಶಿಲೆಯ ಗೋರಿ, ಅದರ ಪಕ್ಕದಲ್ಲೇ ಹೆಸರಿಲ್ಲದ ಮಣ್ಣಿನ ದಿಬ್ಬ. ಬದುಕಿನ ಅಂತಸ್ತು ಅಲ್ಲಿಯೂ ಬೆನ್ನು ಬಿಡುವುದಿಲ್ಲ. ಈ ಭೇದವನ್ನು ಅಳಿಸಲು ಕಳೆದ ಶತಮಾನದಲ್ಲಿ ನಡೆದ ಬಹುದೊಡ್ಡ ಪ್ರಯತ್ನವೆಂದರೆ ಮಹಾಯುದ್ಧಗಳ ಸಮಾಧಿಕಲ್ಲುಗಳು. ಆ ಪ್ರಯತ್ನ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಆ ಕಲ್ಲುಗಳ ಮೇಲಿನ ಚಿಹ್ನೆಗಳಿಂದಲೇ ಅರಿಯಬಹುದು.

ಫೇಬಿಯನ್ ವೇರ್ ಅವರ ಶ್ರಮದಿಂದ 1917ರಲ್ಲಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಸ್ಥಾಪನೆಯಾಯಿತು. 1960ರಿಂದ ಅದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಬ್ರಿಟಿಷ್ ಮ್ಯೂಸಿಯಮ್ಮಿನ ನಿರ್ದೇಶಕರಾಗಿದ್ದ ಫ್ರೆಡರಿಕ್ ಕೆನ್ಯನ್ 1918ರಲ್ಲಿ ನೀಡಿದ ವರದಿ ಅದರ ದಾರಿಯನ್ನು ನಿರ್ಧರಿಸಿತು. ಸೇನಾಧಿಕಾರಿಯಾಗಲಿ ಸಾಮಾನ್ಯ ಸಿಪಾಯಿಯಾಗಲಿ, ಎಲ್ಲರಿಗೂ ಒಂದೇ ಆಕಾರದ, ಒಂದೇ ಅಳತೆಯ ಕಲ್ಲು: 2 ಅಡಿ 8 ಅಂಗುಲ ಎತ್ತರ, 15 ಅಂಗುಲ ಅಗಲ.

ವೈವಿಧ್ಯವೆಲ್ಲ ಆ ಕಲ್ಲಿನ ಮೈಮೇಲೆ. ನೆತ್ತಿಯಲ್ಲಿ ರೆಜಿಮೆಂಟಿನ ಲಾಂಛನ. ಕೆನಡಾದವನಿಗೆ ಮೇಪಲ್ ಎಲೆ, ನ್ಯೂಜಿಲೆಂಡಿನವನಿಗೆ ಜರೀಗಿಡದ ಎಲೆ, ಆಸ್ಟ್ರೇಲಿಯಾದವನಿಗೆ ಉದಯಸೂರ್ಯ. ಅದರ ಕೆಳಗೆ ಹೆಸರು, ದರ್ಜೆ, ಮರಣದ ದಿನ. ಅನಂತರ ಧರ್ಮದ ಚಿಹ್ನೆ. ಕ್ರೈಸ್ತನಿಗೆ ಶಿಲುಬೆ, ಅದೂ ಕೆಲವೆಡೆ ಅಗಲವಾದದ್ದು, ಕೆಲವೆಡೆ ತೆಳುವಾದದ್ದು. ಯೆಹೂದ್ಯನಿಗೆ ದಾವೀದನ ನಕ್ಷತ್ರ. ಹಿಂದೂ, ಮುಸ್ಲಿಂ, ಸಿಖ್ ಯೋಧರಿಗೆ ಅವರವರ ಲಿಪಿಯಲ್ಲಿ ದೇವನಾಮ. ಯಾವ ಚಿಹ್ನೆಯೂ ಬೇಡವೆನ್ನುವ ಸ್ವಾತಂತ್ರ್ಯ ಕುಟುಂಬಕ್ಕಿತ್ತು. ಕೊನೆಯಲ್ಲಿ ಮನೆಯವರ ಮಾತಿಗೆ 66 ಅಕ್ಷರಗಳಷ್ಟು ಜಾಗ.

ಈ ವಿನ್ಯಾಸವನ್ನು ಎಲ್ಲರೂ ಒಪ್ಪಲಿಲ್ಲ. ಕಲ್ಲಿನ ಮೇಲೆ ಶಿಲುಬೆಯನ್ನು ಕೆತ್ತಿದರೆ ಸಾಲದು, ಸಮಾಧಿಯ ಗುರುತೇ ಶಿಲುಬೆಯಾಗಿರಬೇಕು ಎಂದು ಸಾವಿರಾರು ತಾಯಂದಿರು, ಪತ್ನಿಯರು ಬೇಡಿದರು. 1919ರ ಅವರ ಮನವಿಗೆ ಮುಂದಾಳಾಗಿದ್ದ ಲೇಡಿ ಫ್ಲಾರೆನ್ಸ್ ಸೆಸಿಲ್ ಮೂವರು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡಿದ್ದರು. 1920ರ ಮೇ 4ರಂದು ವಿಷಯ ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚೆಗೆ ಬಂದರೂ ಕಮಿಷನ್ನಿನ ನಿಲುವೇ ಉಳಿಯಿತು. ಶಿಲುಬೆಯಲ್ಲಿ ಸಾಂತ್ವನವನ್ನು ಅರಸಿದ ಆ ತಾಯಂದಿರ ನೋವನ್ನು ಕ್ರೈಸ್ತರಾದ ನಾವು ಹಗುರವಾಗಿ ಕಾಣಲಾರೆವು. ಆದರೂ ತೀರ್ಮಾನ ಸರಿಯಾದುದೆಂದೇ ಹೇಳಬೇಕು. ಆಕಾರ ಎಲ್ಲರಿಗೂ ಸೇರಿದ್ದಾಗಿ, ಚಿಹ್ನೆ ಅವರವರದಾದಾಗ ಮಾತ್ರ ಶಿಲುಬೆಯ ಪಕ್ಕದಲ್ಲಿ ಬೇರೊಂದು ನಂಬಿಕೆಯ ಯೋಧನೂ ಸರಿಸಮನಾಗಿ ಮಲಗಬಲ್ಲ.

ಕನ್ನಡಿಗರಿಗೆ ಈ ಕ್ರಮ ಹೊಸದೇನಲ್ಲ. ನಮ್ಮ ವೀರಗಲ್ಲುಗಳ ಕಟ್ಟಣೆ ಬಹುಮಟ್ಟಿಗೆ ಒಂದೇ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಆರಾಧ್ಯದೈವ. ಶೈವನಿಗೆ ಲಿಂಗ, ಜೈನನಿಗೆ ಜಿನಬಿಂಬ. ಎನ್.ಆರ್. ಕಾಲೋನಿಯಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರೆಂಬ ಊರಿನ ಹೆಸರನ್ನು ನಾವು ಮೊದಲು ಕಾಣುವುದು ಅಲ್ಲಿಯೇ, ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿ ಎಂಬವನ ನೆನಪಿನೊಂದಿಗೆ. ಆ ಕಾಳಗದ ವಿವರ ಇಂದು ನಮಗೆ ಮಸುಕು. ಮಡಿದವನ ಹೆಸರು ಮಾತ್ರ ಸ್ಪಷ್ಟ. ಸಾವಿರದ ನೂರು ವರ್ಷಗಳ ಬಳಿಕವೂ ಆ ಕಲ್ಲು ತನ್ನ ಕೆಲಸವನ್ನು ಮಾಡುತ್ತಿದೆ.

ಯುದ್ಧ ಸಮಾಧಿಗಳ ವಿನ್ಯಾಸ ಎಡವಿದ್ದು ಹೆಸರಿನ ವಿಷಯದಲ್ಲಿಯೇ. ಗುರುತು ಸಿಗದ ಬ್ರಿಟಿಷ್ ಸೈನಿಕನ ಕಲ್ಲಿನ ಮೇಲೆ ಸಾಮಾನ್ಯವಾಗಿ ಶಿಲುಬೆ ಇರುತ್ತದೆ. ಅವನ ಹೆಸರು ದೇವರಿಗೆ ಮಾತ್ರ ಗೊತ್ತು ಎನ್ನುವ ಕಲ್ಲು, ಅವನ ನಂಬಿಕೆ ತನಗೆ ಗೊತ್ತು ಎನ್ನುತ್ತದೆ! ಪ್ರೀತಿಯಿಂದಲೇ ಕೆತ್ತಿದ ಶಿಲುಬೆಯಿರಬಹುದು, ಆದರೆ ಅದು ಊಹೆಯ ಶಿಲುಬೆ. ಕೇಳದೆ ಹೊರಿಸಿದ ಚಿಹ್ನೆ ಸಾಕ್ಷ್ಯವಾಗಲಾರದು.

ಇದಕ್ಕಿಂತ ಗಂಭೀರವಾದ ಲೋಪ ಇನ್ನೊಂದಿದೆ. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ದಳ ಮೊದಲ ಮಹಾಯುದ್ಧದಲ್ಲಿ ಹೋರಾಡಿದ ರಣರಂಗಗಳಲ್ಲಿ ಇಂದಿನ ಇರಾಕ್, ಅಂದರೆ ಮೆಸೊಪೊಟೇಮಿಯವೂ ಒಂದು. ಅಲ್ಲಿ ಮಡಿದು ಸಮಾಧಿ ಕಾಣದವರಿಗಾಗಿ ಬಾಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಲಾಯಿತು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ದಳವಾರು ಸಂಖ್ಯೆಗಳಾಗಿ ನಮೂದಿಸಲಾಯಿತು. ಸಮಾನತೆಯ ತತ್ವ ಫ್ರಾನ್ಸಿನ ಹೊಲಗಳಲ್ಲಿ ನಿಂತಷ್ಟು ದೃಢವಾಗಿ ಪೂರ್ವದ ಮರಳಿನಲ್ಲಿ ನಿಲ್ಲಲಿಲ್ಲ. 2021ರಲ್ಲಿ ಕಮಿಷನ್ ತಾನೇ ನೇಮಿಸಿದ ಸಮಿತಿ ಇದನ್ನು ಒಪ್ಪಿಕೊಂಡಿತು. ಭಾರತ, ಆಫ್ರಿಕಾ ಮೊದಲಾದೆಡೆಗಳ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ. ಕನಿಷ್ಠ 1,16,000 ಮಂದಿಯನ್ನು, ಬಹುಪಾಲು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರನ್ನು, ಹೆಸರಿನಿಂದ ಸ್ಮರಿಸಿಲ್ಲ, ಇಲ್ಲವೇ ಸ್ಮರಿಸಿಯೇ ಇಲ್ಲ ಎಂದು ಅದರ ವರದಿ ಹೇಳಿತು. ಕ್ಷಮೆ ಕೇಳಲಾಯಿತು. ನೂರು ವರ್ಷ ತಡವಾದರೂ ಆ ತಪ್ಪೊಪ್ಪಿಗೆಗೆ ಬೆಲೆಯಿದೆ.

ಇದಕ್ಕೆ ಹೋಲಿಸಿದರೆ ಚೆನ್ನೈನ ನಂದಂಬಾಕ್ಕಮ್ ಸ್ಮಶಾನದ ಉದಾಹರಣೆ ಸಮಾಧಾನ ಕೊಡುತ್ತದೆ. ಎರಡನೆಯ ಮಹಾಯುದ್ಧದ ಕಾಲದ, ಶಾಶ್ವತ ಪಾಲನೆಯ ಭರವಸೆಯಿಲ್ಲದ ಸಮಾಧಿಗಳನ್ನು ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಊರುಗಳಿಂದ ತಂದು ಒಂದೆಡೆ ಸೇರಿಸಲು 1952ರಲ್ಲಿ ಅದನ್ನು ರೂಪಿಸಲಾಯಿತು. ಮೊದಲ ಯುದ್ಧದ ಕಾಲದಲ್ಲಿ ತೀರಿಕೊಂಡು ದೇಶದ ಬೇರೆ ಬೇರೆ ಸ್ಮಶಾನಗಳಲ್ಲಿ ಮಲಗಿರುವ ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳು ಅಲ್ಲಿಯ ಸ್ಮಾರಕದಲ್ಲಿವೆ. ಅವರಿಗೆ ಅಲ್ಲಿ ತಮ್ಮದೇ ಆದ ಕಲ್ಲಿಲ್ಲ. ಹೆಸರಿದೆ, ಅಷ್ಟು ಸಾಕು.

ಲಾಂಛನಗಳಿಗೆ ಆಯುಸ್ಸಿದೆ. ಮದ್ರಾಸ್ ಪಯೊನಿಯರ್ಸ್ ದಳವನ್ನು 1933ರಲ್ಲಿಯೇ ವಿಸರ್ಜಿಸಲಾಯಿತು. ಬ್ರಿಟಿಷ್ ಕಿರೀಟವನ್ನು ಹೊತ್ತ ಭಾರತೀಯ ದಳಗಳು ಅದನ್ನು ಬಿಟ್ಟು ಅಶೋಕನ ಸಿಂಹಗಳನ್ನು ಧರಿಸಿದವು. ಶಿಲುಬೆ ಲಾಂಛನಕ್ಕಿಂತ ಹಳೆಯದು, ಹೆಚ್ಚು ಬಾಳುವಂಥದು. ಆದರೆ ನಮ್ಮ ವಿಶ್ವಾಸದ ಪ್ರಕಾರ ದೇವರು ಮನುಷ್ಯನನ್ನು ಕರೆಯುವುದು ಹೆಸರು ಹಿಡಿದು. ಹೆಸರಿಲ್ಲದ ಕಡೆ ಶಿಲುಬೆಯೂ ಬರಿಯ ಅಲಂಕಾರವಾಗುವ ಅಪಾಯವಿದೆ.

ಈ ಅಳತೆಗೋಲನ್ನು ನಾವು ನಮ್ಮ ಸ್ಮಶಾನಗಳಿಗೂ ಹಿಡಿಯಬೇಕು. ಬೆಂಗಳೂರಿನಲ್ಲಿ ಹೂಳುವ ಜಾಗ ಸಾಲದೆ ಹಳೆಯ ಸಮಾಧಿಗಳನ್ನು ಮತ್ತೆ ತೆರೆಯುವುದು ಅನಿವಾರ್ಯವಾಗಿದೆ. ಅದನ್ನು ತಪ್ಪೆನ್ನಲಾಗದು. ಆದರೆ ಹೊಸ ಕಲ್ಲನ್ನು ಇಡುವಾಗ ಹಳೆಯ ಹೆಸರನ್ನೂ ಅದರಲ್ಲಿ ಉಳಿಸುವುದು, ಧರ್ಮಕೇಂದ್ರದ ಮರಣ ದಾಖಲೆಯ ಪುಸ್ತಕವನ್ನು ಗೆದ್ದಲಿನಿಂದ ಕಾಪಾಡುವುದು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಅಮೃತಶಿಲೆ ಬೇಕಿಲ್ಲ. ಒಂದು ಸಾಲಿನಷ್ಟು ಜಾಗವಿದ್ದರೆ ಸಾಕು.