ಡಿವಿಡೆಂಡ್ ಎಣಿಸುವ ಮೊದಲು ಗುಡ್ಡ ನೋಡಬೇಕು

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಕಾಫಿ ಬೆಳೆಗಾರರ ಕೈಯಲ್ಲಿ ಈಚೆಗೆ ಸ್ವಲ್ಪ ಹಣ ಓಡಾಡಿದೆ. 2025ರ ಫೆಬ್ರುವರಿಯಲ್ಲಿ ಅರೇಬಿಕಾ ಬೆಲೆ ನ್ಯೂಯಾರ್ಕ್ ಪೇಟೆಯಲ್ಲಿ ಪೌಂಡಿಗೆ 4 ಡಾಲರ್ ದಾಟಿದಾಗ ಇಲ್ಲಿ 50 ಕೆ.ಜಿ. ಪಾರ್ಚ್‌ಮೆಂಟ್ ಮೂಟೆ 25 ಸಾವಿರ ರೂಪಾಯಿಗೂ ಮೇಲೆ ಹೋಯಿತು. ಬೆಳೆಸಾಲ ತೀರಿಸಿ, ಅಡವಿಟ್ಟ ಒಡವೆ ಬಿಡಿಸಿ, ಕಣಕ್ಕೆ ಸಿಮೆಂಟ್ ಹಾಕಿಸಿದ ಮೇಲೂ ಕೆಲವರಲ್ಲಿ ಒಂದಿಷ್ಟು ಉಳಿಯಿತು. ಹಿಂದಾದರೆ ಪಕ್ಕದ ಎರಡು ಎಕರೆ ಕೊಳ್ಳುವ ಮಾತಾಗುತ್ತಿತ್ತು. ಈಗ ಬೆಂಗಳೂರಿನಲ್ಲಿರುವ ಮಗನೋ ಮಗಳೋ ಫೋನಿನಲ್ಲೇ ಡಿಮ್ಯಾಟ್ ಖಾತೆ ತೆರೆದು ಕೊಡುತ್ತಾರೆ. ಹೊಸಬರ ಕಿವಿಗೆ ಬೀಳುವ ಮೊದಲ ಉಪದೇಶವೂ ಸಿದ್ಧವಾಗಿರುತ್ತದೆ: ಒಳ್ಳೆಯ ಡಿವಿಡೆಂಡ್ ಕೊಡುವ ಷೇರು ಹಿಡಿದು ಕೂತುಬಿಡಿ, ಬೆಲೆ ಏರಿದರೇನು ಇಳಿದರೇನು, ಖಾತೆಗೆ ಹಣ ಬರುತ್ತಲೇ ಇರುತ್ತದೆ.

ಈ ಮಾತು ಮಲೆನಾಡಿನವರಿಗೆ ಬೇಗ ಹಿಡಿಸಲು ಕಾರಣವಿದೆ. ತೋಟದಲ್ಲಿ ದುಡ್ಡು ಕಾಣುವುದು ವರ್ಷಕ್ಕೊಮ್ಮೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಕೈಕೊಟ್ಟರೆ ಅದೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಕಳೆ, ಗೊಬ್ಬರ, ಔಷಧಿ, ಆಳಿನ ಬಟವಾಡೆ ಎಂದು ಬರೀ ಖರ್ಚು. ನಮ್ಮ ಬಹುಪಾಲು ಕಂಪನಿಗಳು ಅಂತಿಮ ಡಿವಿಡೆಂಡ್ ಕೊಡುವುದು ವಾರ್ಷಿಕ ಸಭೆ ಮುಗಿದ ಮೇಲೆ, ಹೆಚ್ಚಾಗಿ ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಬೆಳೆಗಾರನ ಬರಿಗೈ ಕಾಲಕ್ಕೂ ಷೇರಿನ ಲಾಭಾಂಶದ ಕಾಲಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾಗುವುದನ್ನು ನೋಡಿದಾಗ ಈ ಪದ್ಧತಿಯನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನನ್ನ ತಕರಾರಿರುವುದು ಅದನ್ನು ಹೊಸಬರಿಗೆ ಕಲಿಸುವ ಕ್ರಮದಲ್ಲಿ. ಅತಿ ಹೆಚ್ಚು ಡಿವಿಡೆಂಡ್ ಕೊಟ್ಟ ಕಂಪನಿಗಳ ಪಟ್ಟಿಯನ್ನು ಮೊದಲು ಮುಂದಿಡುತ್ತಾರೆ. ಆ ಹಣ ಎಲ್ಲಿಂದ ಹುಟ್ಟಿತು, ಇನ್ನೆಷ್ಟು ವರ್ಷ ಹುಟ್ಟೀತು ಎಂಬ ಪ್ರಶ್ನೆ ಕೊನೆಗೂ ಬರುವುದಿಲ್ಲ.

ಆ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಕಳಸದಿಂದ ಸಂಸೆ ದಾಟಿ ಕುದುರೆಮುಖಕ್ಕೆ ಹೋಗಬೇಕು. ರಸ್ತೆಯ ಪಕ್ಕ ಸಾಲು ಸಾಲು ಕ್ವಾರ್ಟರ್ಸ್, ಅನೇಕ ಮನೆಗಳಿಗೆ ಬೀಗ, ಕಿಟಕಿಯವರೆಗೆ ಬೆಳೆದ ಗಿಡಗಂಟಿ. 1976ರ ಏಪ್ರಿಲ್ 2ರಂದು ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕಟ್ಟಿದ ಊರು ಇದು. ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು, ಅದಕ್ಕಾಗಿ ಇರಾನಿನಿಂದ 63 ಕೋಟಿ ಡಾಲರ್ ಸಾಲ ಎಂದು ಒಪ್ಪಂದವಾಗಿತ್ತು. 1979ರ ಕ್ರಾಂತಿಯಲ್ಲಿ ಷಾ ಆಡಳಿತ ಉರುಳಿತು, ಸಾಲದ ಕಂತು ನಡುವೆಯೇ ನಿಂತಿತು, ಕೊಳ್ಳುವವರೂ ಕೈತಪ್ಪಿದರು. ಕಂಪನಿ ಎದೆಗುಂದಲಿಲ್ಲ. ವರ್ಷಕ್ಕೆ 75 ಲಕ್ಷ ಟನ್ ಅದಿರುಪುಡಿ ತಯಾರಿಸುವ ಘಟಕ ಕಟ್ಟಿ, ಅದನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದ ಕೆಳಗೆ ಪಣಂಬೂರಿಗೆ ಹರಿಸಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರುಪುಡಿಯನ್ನು ಉಂಡೆ (ಪೆಲೆಟ್) ಕಟ್ಟುವ ಕಾರ್ಖಾನೆಯೂ ಶುರುವಾಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದೊಂದು ಸಾಹಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಗುಡ್ಡ ಕಂಪನಿಯ ಸ್ವತ್ತಾಗಿರಲಿಲ್ಲ. ಗಣಿಯ ಲೀಸ್ ಕಂಪನಿ ಹುಟ್ಟುವ ಮೊದಲೇ ಶುರುವಾದ 30 ವರ್ಷದ್ದು, 1999ರ ಜುಲೈಗೆ ಮುಗಿಯುವಂಥದ್ದು. ಸುತ್ತ ರಾಷ್ಟ್ರೀಯ ಉದ್ಯಾನ, ತಲೆಯ ಮೇಲೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ, ಕೆಳಗೆ ಭದ್ರೆ. ವೈಲ್ಡ್‌ಲೈಫ್ ಫಸ್ಟ್‌ನ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ಗಣಿಗೆ ಗಡುವು ಹಾಕಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಾನು ಆ ತೀರ್ಪಿನ ಪರ. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿರುವ ಗಣಿ ಹೂಳನ್ನು ನೋಡಿದವರಿಗೆ ಭದ್ರೆಯ ನೀರು ಕುಡಿಯುವ ಊರುಗಳ ಆತಂಕ ಅರ್ಥವಾಗುತ್ತದೆ.

ಹೂಡಿಕೆದಾರ ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಗಣಿ ಮುಚ್ಚಿದ 2005ರಲ್ಲೇ ಜಗತ್ತಿನ ಕಬ್ಬಿಣದ ಅದಿರಿನ ಒಪ್ಪಂದದ ಬೆಲೆ ಒಂದೇ ಸಲಕ್ಕೆ ಶೇ 71.5ರಷ್ಟು ಏರಿತ್ತು. ಲಾಭದ ಲೆಕ್ಕ ಮಾತ್ರ ನೋಡುವವನ ಕಣ್ಣಿಗೆ ಅದಿರಿನ ವ್ಯಾಪಾರ ಅತ್ಯಂತ ಆಕರ್ಷಕವಾಗಿ ಕಂಡಿದ್ದು, ಈ ಗುಡ್ಡದ ಬಾಗಿಲು ಹಾಕುವ ಹೊತ್ತಿನಲ್ಲಿ. ಗಡುವು ಗುಟ್ಟಿನ ವಿಷಯವಾಗಿರಲಿಲ್ಲ. ಪತ್ರಿಕೆಗಳಲ್ಲಿತ್ತು, ಕೋರ್ಟಿನ ಆದೇಶದಲ್ಲಿತ್ತು, ಕಳಸದ ಪೇಟೆಯಲ್ಲಿ ಎಲ್ಲರ ಬಾಯಲ್ಲಿತ್ತು. ಡಿವಿಡೆಂಡ್ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಅಷ್ಟೇ.

ಮುಂದಿನ ಕಥೆಯೂ ಪಾಠವೇ. ಕೆಐಒಸಿಎಲ್ ಎಂದು ಹೆಸರು ಬದಲಾದ ಕಂಪನಿ ಛತ್ತೀಸಗಡದ ಬೈಲಾಡಿಲದಿಂದ ಅದಿರು ಕೊಂಡು ತಂದು ಮಂಗಳೂರಿನಲ್ಲಿ ಉಂಡೆ ಕಟ್ಟಿ ಹೊರದೇಶಕ್ಕೆ ಮಾರತೊಡಗಿತು. 2021–22ರಲ್ಲಿ ಸುಮಾರು 313 ಕೋಟಿ ರೂಪಾಯಿ ಲಾಭ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಂಡೆಗಳ ಮೇಲೆ ಶೇ 45 ರಫ್ತು ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು. ಅಷ್ಟರಲ್ಲಿ ವರ್ಷ ಕೆಟ್ಟಿತ್ತು: 2022–23ರಲ್ಲಿ ಸುಮಾರು 97 ಕೋಟಿ ನಷ್ಟ. ಕಂಪನಿಯ ಶೇ 99ರಷ್ಟು ಷೇರು ಕೇಂದ್ರ ಸರ್ಕಾರದ್ದೇ. ಹಂಚಿದ ಪ್ರತಿ ನೂರು ರೂಪಾಯಿಯಲ್ಲಿ ತೊಂಬತ್ತೊಂಬತ್ತು ದೆಹಲಿಗೆ ಹೋಗುವಂಥದ್ದು. ಗುಡ್ಡ ಕೊಟ್ಟ ಊರಿಗೆ ಉಳಿದದ್ದು ಬೀಗ ಹಾಕಿದ ಮನೆಗಳು.

ಹೊಸಬರು ಎಡವುವ ಇನ್ನೊಂದು ಜಾಗ ಶೇಕಡಾ ಲೆಕ್ಕ. ನಮ್ಮೂರ ಸೊಸೈಟಿಯ ಮಹಾಸಭೆಯಲ್ಲಿ ಶೇ 10 ಡಿವಿಡೆಂಡ್ ಎಂದರೆ ನೂರು ರೂಪಾಯಿ ಷೇರಿಗೆ ಹತ್ತು ರೂಪಾಯಿ. ಸೊಸೈಟಿ ಷೇರಿಗೆ ಮಾರುಕಟ್ಟೆ ಬೆಲೆ ಎಂಬುದಿಲ್ಲವಾದ್ದರಿಂದ ಲೆಕ್ಕ ಸರಿಹೋಗುತ್ತದೆ. ಕಂಪನಿಯೊಂದು ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ ಐದು ರೂಪಾಯಿ ಕೊಟ್ಟು ಶೇ 50 ಎಂದು ಘೋಷಿಸಿದಾಗ ಸೊಸೈಟಿ ಲೆಕ್ಕ ರೂಢಿಯಾದವರು ಬೆರಗಾಗುತ್ತಾರೆ. ಆ ಷೇರನ್ನು 200 ರೂಪಾಯಿಗೆ ಕೊಂಡವನಿಗೆ ಸಿಕ್ಕಿದ್ದು ಶೇ 2.5 ಮಾತ್ರ. ಡಿವಿಡೆಂಡ್ ಯಾರಿಗೆಂದು ಗೊತ್ತುಮಾಡುವ ದಾಖಲೆ ದಿನಕ್ಕೆ ಒಂದು ದಿನ ಮೊದಲು ಕೊಂಡರೆ ಡಿವಿಡೆಂಡ್ ಪುಕ್ಕಟೆ ಎಂಬ ಲೆಕ್ಕಾಚಾರವೂ ಅಂಥದ್ದೇ. 200ರ ಷೇರು ಐದು ರೂಪಾಯಿ ಕೊಡುವುದಿದ್ದರೆ ದಾಖಲೆ ದಿನ ಬೆಳಗ್ಗೆ ಬೆಲೆ 195ರ ಸುಮಾರಿಗೆ ಶುರುವಾಗುತ್ತದೆ, ಮೇಲೆ ತೆರಿಗೆ ಬೇರೆ.

ಮೊತ್ತದ ಬಗ್ಗೆಯೂ ಯಾರಾದರೂ ನೇರವಾಗಿ ಹೇಳಬೇಕು. ನಿಫ್ಟಿ 50ರ ಡಿವಿಡೆಂಡ್ ಇಳುವರಿ ಈಚಿನ ವರ್ಷಗಳಲ್ಲಿ ಶೇ 1.2ರಿಂದ 1.4ರ ಆಸುಪಾಸಿನಲ್ಲಿದೆ. ಶೇ 1.2ರ ಲೆಕ್ಕದಲ್ಲಿ ತಿಂಗಳಿಗೆ ಹತ್ತು ಸಾವಿರ ಬರಬೇಕಾದರೆ ಒಂದು ಕೋಟಿ ಹೂಡಿರಬೇಕು. ಆರಿಸಿ ಆರಿಸಿ ಶೇ 3ರ ಷೇರುಗಳನ್ನೇ ಕೊಂಡರೂ ನಲವತ್ತು ಲಕ್ಷ ಬೇಕು. ಎರಡು ಲಕ್ಷದಿಂದ ಶುರುಮಾಡುವವನಿಗೆ ವರ್ಷಕ್ಕೆ ಸಿಗುವುದು ಆರು ಸಾವಿರ, ಒಂದು ವಾರದ ಆಳಿನ ಖರ್ಚಿಗೂ ಸಾಲದು. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ.

ಹಾಗಾದರೆ ಷೇರು ಯಾಕೆ? ಠೇವಣಿಯ ಬಡ್ಡಿ ಬೆಳೆಯುವುದಿಲ್ಲ, ಒಳ್ಳೆಯ ಕಂಪನಿಯ ಡಿವಿಡೆಂಡ್ ಬೆಳೆಯುತ್ತದೆ. ಇನ್ಫೊಸಿಸ್ 2015–16ರ ಲೆಕ್ಕಕ್ಕೆ ಷೇರಿಗೆ 24.25 ರೂಪಾಯಿ ಕೊಟ್ಟಿತ್ತು. 2018ರಲ್ಲಿ ಒಂದಕ್ಕೊಂದು ಬೋನಸ್ ಷೇರು ಬಂದದ್ದರಿಂದ ಇವತ್ತಿನ ಲೆಕ್ಕಕ್ಕೆ ಅದು ಸುಮಾರು 12 ರೂಪಾಯಿ. 2024–25ಕ್ಕೆ ಕೊಟ್ಟದ್ದು 43. ಅಂದು ಇದರ ಇಳುವರಿ ಶೇ 2ರ ಸುಮಾರಿನಲ್ಲಿದ್ದುದರಿಂದ ಡಿವಿಡೆಂಡ್ ಬೇಟೆಗಾರರು ಇತ್ತ ತಿರುಗಿ ನೋಡುವಂತಿರಲಿಲ್ಲ. ಇದಕ್ಕೆ ತದ್ವಿರುದ್ಧ ಉದಾಹರಣೆ, ಚಿತ್ರದುರ್ಗದಲ್ಲೂ ಅದಿರು ತೆಗೆಯುವ ವೇದಾಂತ. 2022–23ರಲ್ಲಿ ಐದು ಕಂತಿನಲ್ಲಿ ಷೇರಿಗೆ 101.50 ರೂಪಾಯಿ ಹಂಚಿ ಎಲ್ಲ ಪಟ್ಟಿಗಳ ತುದಿಗೇರಿತು. ಲಂಡನ್ನಿನ ಮಾತೃಸಂಸ್ಥೆಯ ತಲೆಯ ಮೇಲೆ ದೊಡ್ಡ ಸಾಲವಿದ್ದ ಕಾಲ ಅದು. ಮರುವರ್ಷ ಬಂದದ್ದು 29.50. ಹಿಂದಿನ ವರ್ಷದ ಇಳುವರಿ ನೋಡಿ ಕೊಂಡವನ ಲೆಕ್ಕ ಮೂರನೇ ಒಂದು ಪಾಲಿಗಿಂತ ಕೆಳಗಿಳಿಯಿತು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಲಾಭದಲ್ಲಿ ಎಷ್ಟು ಪಾಲು ಹಂಚುತ್ತಾರೆ, ಸಾಲ ಎಷ್ಟಿದೆ, ಹತ್ತು ವರ್ಷದಲ್ಲಿ ಡಿವಿಡೆಂಡ್ ಯಾವ ದಿಕ್ಕಿಗೆ ನಡೆದಿದೆ ಎಂಬುದು ಈ ವರ್ಷದ ಶೇಕಡಾವಾರಿಗಿಂತ ಎಷ್ಟೋ ಮುಖ್ಯ ಎಂದು ಗೊತ್ತಾಗುತ್ತದೆ.

ಘಟ್ಟದ ಕೆಳಗಿನ ಬ್ಯಾಂಕುಗಳ ಷೇರುಗಳನ್ನು ಮಲೆನಾಡಿನ, ಕರಾವಳಿಯ ಮನೆತನಗಳು ತಲೆಮಾರುಗಳಿಂದ ಪ್ರೀತಿಯಿಂದ ಇಟ್ಟುಕೊಂಡಿವೆ. ಆ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಅದೊಂದನ್ನೇ ನಂಬುವುದನ್ನು ಒಪ್ಪಲಾರೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ರಿಸರ್ವ್ ಬ್ಯಾಂಕ್ ಆಗಷ್ಟೇ ಮುಗಿದಿದ್ದ ಹಣಕಾಸು ವರ್ಷದ ಲಾಭದಿಂದ ಯಾವ ಬ್ಯಾಂಕೂ ಇನ್ನು ಡಿವಿಡೆಂಡ್ ಕೊಡಬಾರದೆಂದು ತಡೆಯಿತು. ಚೆನ್ನಾಗಿದ್ದ ಬ್ಯಾಂಕು, ಕುಂಟುತ್ತಿದ್ದ ಬ್ಯಾಂಕು ಎಂಬ ಭೇದವಿರಲಿಲ್ಲ. ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದ ಹೊತ್ತಿನಲ್ಲಿ ವಿಜಯಾ ಬ್ಯಾಂಕಿನ ಸಾವಿರ ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402, ಸಿಂಡಿಕೇಟಿನ ಸಾವಿರಕ್ಕೆ ಕೆನರಾದ 158 ಷೇರು ಸಿಕ್ಕವು. ನಾಲ್ಕು ಬ್ಯಾಂಕಿನ ಷೇರು ಇಟ್ಟುಕೊಂಡವನು ಹಣವನ್ನು ನಾಲ್ಕು ಕಡೆ ಹಂಚಿದ್ದೇನೆ ಎಂದುಕೊಂಡಿದ್ದರೂ ಅದು ಇದ್ದದ್ದು ಒಂದೇ ಕಡೆ.

ಕಾಫಿಯವರು ಕಾಫಿ ಷೇರಿನಿಂದ ದೂರವಿರಬೇಕು ಎಂಬುದು ಇದೇ ಕಾರಣಕ್ಕೆ ನನ್ನ ಗಟ್ಟಿ ಅಭಿಪ್ರಾಯ. ಬ್ರೆಜಿಲ್‌ನಲ್ಲಿ ಬೆಳೆ ಚೆನ್ನಾಗಿ ಬಂದು ಬೆಲೆ ಬಿದ್ದ ವರ್ಷ ತೋಟದ ಆದಾಯವೂ ಕುಸಿದು, ಅದೇ ಹೊತ್ತಿಗೆ ಪ್ಲಾಂಟೇಶನ್ ಕಂಪನಿಯ ಡಿವಿಡೆಂಡೂ ಕುಸಿದರೆ ಷೇರು ಕೊಂಡು ಸಾಧಿಸಿದ್ದೇನು? ಊರ ಅಭಿಮಾನಕ್ಕೂ ಇದೇ ಮಾತು. ಕಾಫಿ ಡೇ 2015ರ ಅಕ್ಟೋಬರ್‌ನಲ್ಲಿ 328 ರೂಪಾಯಿಗೆ ಷೇರು ಮಾರಿದಾಗ ಚಿಕ್ಕಮಗಳೂರಿನವರಿಗೆ ಹೆಮ್ಮೆಯಾಗಿದ್ದು ಸಹಜ. ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳಿಗೆ ಆ ಸಂಸ್ಥೆ ಕೆಲಸ ಕೊಟ್ಟಿತ್ತು. ಆದರೆ ಕಂಪನಿಯ ಸಾಲದ ಪುಟವನ್ನು ಹೆಮ್ಮೆ ಓದುವುದಿಲ್ಲ.

ತೆರಿಗೆಯ ವಿಷಯ ಬೆಳೆಗಾರರಿಗೆ ವಿಶೇಷವಾಗಿ ಅನ್ವಯಿಸುತ್ತದೆ, ಆದರೂ ಪೇಟೆಯವರಿಗಾಗಿ ಬರೆದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಕ್ಯೂರಿಂಗ್ ಮಾಡಿಸದೆ ಮಾರಿದ ಕಾಫಿಯ ಆದಾಯ ಕೃಷಿ ಆದಾಯ. ಡಿವಿಡೆಂಡ್ ಹಾಗಲ್ಲ, 2020ರ ಏಪ್ರಿಲ್‌ನಿಂದ ಪೂರ್ತಿಯಾಗಿ ಷೇರುದಾರನ ಆದಾಯಕ್ಕೆ ಸೇರುತ್ತದೆ. ಡಿವಿಡೆಂಡ್, ಬಡ್ಡಿ, ಬಾಡಿಗೆ ಎಲ್ಲ ಸೇರಿ ವಿನಾಯಿತಿಯ ಮೂಲ ಮಿತಿ ದಾಟಿದರೆ, ತೆರಿಗೆಯ ದರ ನಿರ್ಧರಿಸುವಾಗ ಕೃಷಿ ಆದಾಯವನ್ನೂ ಕೂಡಿ ನೋಡುತ್ತಾರೆ. ಒಂದು ಕಂಪನಿಯಿಂದ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಬಂದರೆ ಶೇ 10 ಮೂಲದಲ್ಲೇ ಕಡಿತ. 2025ರ ಏಪ್ರಿಲ್‌ಗೆ ಮುಂಚೆ ಆ ಮಿತಿ ಐದು ಸಾವಿರವಿತ್ತು. ಮ್ಯೂಚುವಲ್ ಫಂಡಿನ ಡಿವಿಡೆಂಡ್ ಆಯ್ಕೆಯಂತೂ ನಿಮ್ಮದೇ ಹಣದ ಒಂದು ಪಾಲನ್ನು ತೆರಿಗೆ ಹಾಕಿಸಿಕೊಂಡು ವಾಪಸ್ ಪಡೆಯುವುದು. ಸೆಬಿ 2021ರಲ್ಲಿ ಅದರ ಹೆಸರನ್ನೇ ಬದಲಾಯಿಸಿ, ಬಂಡವಾಳವೂ ಇದರಲ್ಲಿ ವಾಪಸಾಗುತ್ತದೆ ಎಂದು ಹೆಸರಿನಲ್ಲೇ ಬರೆಸಿತು.

ಹೊಸಬನ ಹಣದ ದೊಡ್ಡ ಪಾಲು ಖರ್ಚು ಕಡಿಮೆಯಿರುವ ಇಂಡೆಕ್ಸ್ ಫಂಡಿನಲ್ಲಿರಲಿ, ಉಳಿದದ್ದರಲ್ಲಿ ಬೇರೆ ಬೇರೆ ಕಸುಬಿನ ಎಂಟು ಹತ್ತು ಕಂಪನಿಗಳಿರಲಿ, ಬಂದ ಡಿವಿಡೆಂಡನ್ನು ಮೊದಲ ಕೆಲವು ವರ್ಷ ಮುಟ್ಟದೆ ಮತ್ತೆ ಹೂಡಲಿ. ನಾನು ಒಪ್ಪುವ ಡಿವಿಡೆಂಡ್ ಪದ್ಧತಿ ಇಷ್ಟೇ. ಪಾಸ್‌ಬುಕ್ಕಿನಲ್ಲಿ ಎಸಿಎಚ್ ಎಂಬ ಮೂರಕ್ಷರದ ಮುಂದೆ ಕಂಪನಿಯ ಹೆಸರು, ಅದರ ಮುಂದೆ 86 ರೂಪಾಯಿಯೋ 140 ರೂಪಾಯಿಯೋ ಕಾಣಿಸಿಕೊಂಡಾಗ ಆ ಕಂಪನಿ ಏನು ಮಾಡುತ್ತದೆ ಎಂದು ತಿಳಿದುಕೊಳ್ಳುವ ಆಸೆ ಹುಟ್ಟುತ್ತದೆ. ಬೆಲೆ ಬಿದ್ದಾಗ ಗಾಬರಿಯಿಂದ ಮಾರದಂತೆ ತಡೆಯುವುದೂ ಆ ಸಣ್ಣ ಮೊತ್ತವೇ. ಈ ಪದ್ಧತಿಯ ನಿಜವಾದ ಗುಣವನ್ನು ನಾನು ಕಾಣುವುದು ಇಲ್ಲಿ.

ಅಜ್ಜಂದಿರು ಟ್ರಂಕಿನಲ್ಲಿಟ್ಟು ಹೋದ ಕಾಗದದ ಷೇರುಪತ್ರಗಳು ಎಷ್ಟೋ ಮನೆಗಳಲ್ಲಿವೆ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಆ ಹಣವಷ್ಟೇ ಅಲ್ಲ, ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ವಾಪಸ್ ಪಡೆಯಲು ಐಇಪಿಎಫ್-5 ಅರ್ಜಿ, ಮರಣಪತ್ರ, ವಾರಸುದಾರಿಕೆಯ ದಾಖಲೆ ಎಂದು ಕಚೇರಿಗಳನ್ನು ಅಲೆಯಬೇಕು. ಡಿಮ್ಯಾಟ್ ಖಾತೆಗೆ ನಾಮಿನಿ ಸೇರಿಸುವುದು ಫೋನಿನಲ್ಲೇ ಮುಗಿಯುವ ಕೆಲಸ. ಮೊದಲ ಷೇರು ಕೊಳ್ಳುವ ದಿನವೇ ಅದನ್ನು ಮಾಡಿ, ಯಾವ ಬ್ಯಾಂಕ್ ಖಾತೆಗೆ ಡಿವಿಡೆಂಡ್ ಬರುತ್ತದೆ ಎಂದು ಮನೆಯವರಿಗೆ ತಿಳಿಸಿರಬೇಕು.