ಜೊತೆಗಾರನ ಅಂಕ

ಕರ್ನಾಟಕದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಶುರುವಾದರೆ ಶಿವಮೊಗ್ಗದ ವಿನೋಬನಗರದ ಪೊಲೀಸ್ ಚೌಕಿಯ ಆಸುಪಾಸಿನ ಟೀ ಅಂಗಡಿಗಳಲ್ಲಿ ಎರಡೇ ಪ್ರಶ್ನೆ. ಯಾರು ಫಾರ್ಮ್‌ನಲ್ಲಿದ್ದಾರೆ? ನಮ್ಮ ಶಿವಮೊಗ್ಗ ಲಯನ್ಸ್ ಯಾಕೆ ಸೋಲ್ತಿದೆ? ಈ ಎರಡನ್ನೂ ಬೇರೆ ಬೇರೆ ಪ್ರಶ್ನೆಗಳೆಂದು ತಿಳಿದಿರುವುದೇ ನಮ್ಮ ಚರ್ಚೆಯ ದೊಡ್ಡ ಕೊರತೆ ಎಂದು ನನಗೆ ಅನ್ನಿಸುತ್ತದೆ.

2024ರ ಸೀಸನ್ ನೋಡಿ. ಅಭಿನವ್ ಮನೋಹರ್ ಲಯನ್ಸ್ ಪರ 10 ಪಂದ್ಯಗಳಲ್ಲಿ 507 ರನ್ ಹೊಡೆದರು, 52 ಸಿಕ್ಸರ್ ಎತ್ತಿದರು. ಅಂದರೆ 312 ರನ್ ಬರೀ ಸಿಕ್ಸರ್‌ಗಳಲ್ಲೇ ಬಂತು. ಆ ವರ್ಷದ ಕೊನೆಯಲ್ಲಿ ಐಪಿಎಲ್ ಹರಾಜಿನಲ್ಲಿ ಸನ್‌ರೈಸರ್ಸ್ ಹೈದರಾಬಾದ್ 3.20 ಕೋಟಿ ರೂಪಾಯಿ ಕೊಟ್ಟು ಅವರನ್ನು ಕೊಂಡಿತು. ಇದಕ್ಕಿಂತ ಒಳ್ಳೆಯ ಫಾರ್ಮ್ ಯಾವುದಿದೆ? ಆದರೂ ಶಿವಮೊಗ್ಗ ಸೆಮಿಫೈನಲ್ ತಲುಪಲಿಲ್ಲ. ಅದೇ ಟೂರ್ನಿಯಲ್ಲಿ ಮೈಸೂರು ವಾರಿಯರ್ಸ್ ನಾಯಕ ಕರುಣ್ ನಾಯರ್ 560 ರನ್ ಗಳಿಸಿದರು, ಮೈಸೂರು ಕಪ್ ಗೆದ್ದಿತು. ಬೆಂಗಳೂರು ವಿರುದ್ಧದ ಫೈನಲ್‌ನಲ್ಲಿ ಕರುಣ್ 66 ಹೊಡೆದರೆ ಎಸ್.ಯು. ಕಾರ್ತಿಕ್ 71 ಹೊಡೆದರು, ಕೊನೆಗೆ ಬಂದ ಮನೋಜ್ ಭಾಂಡಗೆ 13 ಎಸೆತಗಳಲ್ಲಿ 44 ಬಾಚಿದರು.

ಇಬ್ಬರೂ ಫಾರ್ಮ್‌ನಲ್ಲೇ ಇದ್ದರು. ಒಬ್ಬರ ಫಾರ್ಮ್ ಕಪ್ ತಂದಿತು, ಇನ್ನೊಬ್ಬರದು ತರಲಿಲ್ಲ. ಅಭಿನವ್ ಕಡಿಮೆ ಬಿದ್ದರು ಎಂದು ಯಾರೂ ಹೇಳಲಾರರು. ಹಾಗಾದರೆ ನಮ್ಮ ಲೆಕ್ಕದಲ್ಲಿ ಯಾವುದೋ ಒಂದು ಕಾಲಂ ಬಿಟ್ಟುಹೋಗಿದೆ.

ಆ ಕಾಲಂ ನನಗೆ ಕಂಡದ್ದು ಕ್ರಿಕೆಟ್‌ನಲ್ಲಲ್ಲ, ಸ್ಪೀಡ್‌ವೇಯಲ್ಲಿ. ಇದು ಬ್ರಿಟನ್ನಿನ ಸಣ್ಣ ಸಣ್ಣ ಊರುಗಳು ಜೀವ ಬಿಡುವ ಬೈಕ್ ರೇಸ್. 1928ರ ಫೆಬ್ರುವರಿಯಲ್ಲಿ ಲಂಡನ್ ಹತ್ತಿರದ ಹೈ ಬೀಚ್‌ನಲ್ಲಿ ನಡೆದ ರೇಸ್‌ನಿಂದ ಅಲ್ಲಿ ಇದರ ಹುಚ್ಚು ಹಬ್ಬಿತು. 500 ಸಿಸಿ ಬೈಕು. ಬ್ರೇಕ್ ಇಲ್ಲ, ಗೇರ್ ಒಂದೇ. ಸಡಿಲ ಮಣ್ಣಿನ ಮೊಟ್ಟೆಯಾಕಾರದ ಟ್ರ್ಯಾಕ್‌ನಲ್ಲಿ ನಾಲ್ವರು ಸವಾರರು ನಾಲ್ಕು ಸುತ್ತು ಹೊಡೆಯಬೇಕು, ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸುತ್ತಲೇ ಸಾಗಬೇಕು. ಒಂದು ನಿಮಿಷದ ಸುಮಾರಿಗೆ ಒಂದು ಓಟ ಮುಗಿಯುತ್ತದೆ. ಮೊದಲನೆಯವನಿಗೆ 3 ಅಂಕ, ಆಮೇಲಿನವರಿಗೆ 2, 1, ಸೊನ್ನೆ. ಪ್ರತಿ ಓಟದಲ್ಲೂ ಒಂದೊಂದು ತಂಡದಿಂದ ಇಬ್ಬಿಬ್ಬರು.

ಇಲ್ಲೇ ಇರುವುದು ಆ ನಿಯಮ. ಸವಾರನೊಬ್ಬ ತನ್ನದೇ ತಂಡದ ಜೊತೆಗಾರನ ಬೆನ್ನಿಗೇ ಗುರಿ ಮುಟ್ಟಿ, ಎದುರಾಳಿಯನ್ನು ತನ್ನ ಹಿಂದೆ ಇಟ್ಟುಕೊಂಡರೆ ಅವನ ಹೆಸರಿಗೆ ಒಂದು ಬೋನಸ್ ಅಂಕ ಬರೆಯುತ್ತಾರೆ. ತಂಡದ ಮೊತ್ತಕ್ಕೆ ಅದು ಸೇರುವುದಿಲ್ಲ, ಸವಾರನ ಸಂಭಾವನೆಗೂ ಸರಾಸರಿಗೂ ಸೇರುತ್ತದೆ. ಜೊತೆಗಾರನನ್ನು ಹಿಂದಿಕ್ಕಲು ಹೋಗಿ ಇಬ್ಬರೂ ಕೆಡಬೇಕಾಗಿಲ್ಲ. ಎದುರಾಳಿಗೆ ದಾರಿ ಕೊಡದೆ ಎರಡನೆಯವನಾಗಿ ಬಂದವನಿಗೂ ಗೆದ್ದವನಷ್ಟೇ ಬೆಲೆ. ಐದು ಓಟಗಳಲ್ಲಿ 9 ಅಂಕ, 2 ಬೋನಸ್ ಪಡೆದವನ ಲೆಕ್ಕ 11. ಅದನ್ನು ಐದರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ 8.80. ಅಲ್ಲಿನ ಅಭಿಮಾನಿಗಳು ಫಾರ್ಮ್ ಬಗ್ಗೆ ವಾದ ಮಾಡುವುದು ಈ ಸರಾಸರಿಯನ್ನು ಹಿಡಿದೇ. ತಂಡ ಕಟ್ಟುವಾಗಲೂ ಎಲ್ಲ ಸವಾರರ ಸರಾಸರಿಗಳ ಮೊತ್ತಕ್ಕೆ ಒಂದು ಮಿತಿ ಇರುತ್ತದೆ. ಹಾಗಾಗಿ ಒಬ್ಬನ ಫಾರ್ಮ್ ಬಗ್ಗೆ ಮಾತೆತ್ತಿದರೆ ಅದು ಇಡೀ ತಂಡದ ಮಾತೂ ಆಗುತ್ತದೆ.

ಕ್ರಿಕೆಟ್ ಸ್ಕೋರ್‌ಕಾರ್ಡ್‌ನಲ್ಲಿ ಇಂಥ ಜಾಗ ಇಲ್ಲ. ಇದರಿಂದ ಏನೇನು ತಪ್ಪಿಹೋಗುತ್ತದೆ ಎಂದು ತಿಳಿಯಲು ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಇನಿಂಗ್ಸ್ ಒಂದೇ ಸಾಕು. 1975ರ ಜನವರಿ, ಚೆಪಾಕ್, ಎದುರಿಗೆ ವೆಸ್ಟ್ ಇಂಡೀಸ್. ಆ್ಯಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್, ವಿಶಿ ಔಟಾಗದೆ 97. ಶತಕವಿಲ್ಲದ ಆ ಆಟವನ್ನು ಬಲ್ಲವರು ಎಷ್ಟೋ ಶತಕಗಳಿಗಿಂತ ಮೇಲಿಡುತ್ತಾರೆ, ನಾನೂ ಇಡುತ್ತೇನೆ. ಆದರೆ ಇನ್ನೊಂದು ತುದಿಯಲ್ಲಿ ನಿಂತವರನ್ನು ನೆನೆಯಿರಿ. ಬಿಷನ್ ಸಿಂಗ್ ಬೇಡಿ, ಆಮೇಲೆ ಬ್ಯಾಟಿಂಗ್ ಬಾರದ ನಮ್ಮ ಬಿ.ಎಸ್. ಚಂದ್ರಶೇಖರ್. ರಾಬರ್ಟ್ಸ್ ವೇಗಕ್ಕೆ ಅವರು ಒಡ್ಡಿಕೊಂಡ ಒಂದೊಂದು ಎಸೆತವೂ ವಿಶಿಗೆ ಸಿಕ್ಕ ಅವಕಾಶ. ಭಾರತ ಆ ಟೆಸ್ಟನ್ನು 100 ರನ್‌ಗಳಿಂದ ಗೆದ್ದಿತು. ಸ್ಪೀಡ್‌ವೇ ಪುಸ್ತಕದಲ್ಲಾಗಿದ್ದರೆ ಬೇಡಿ, ಚಂದ್ರ ಇಬ್ಬರ ಹೆಸರಿನ ಮುಂದೂ ಬೋನಸ್ ಕಾಣುತ್ತಿತ್ತು. ವಿಶ್ವನಾಥ್ ಟೆಸ್ಟ್‌ನಲ್ಲಿ 14 ಶತಕ ಹೊಡೆದರು, ಆ ಪಂದ್ಯಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ತಂಡದ ಜೊತೆ ಹೆಣೆದುಕೊಂಡ ಫಾರ್ಮ್ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯವರು ಬೇರೆ ಕಡೆ ಹುಡುಕಬೇಕಿಲ್ಲ.

ಈಚಿನ ಉದಾಹರಣೆ ನಮ್ಮೂರಿನ ನವುಲೆ ಕ್ರೀಡಾಂಗಣದಲ್ಲೇ ಇದೆ. 2025ರ ಅಕ್ಟೋಬರ್‌ನಲ್ಲಿ ಗೋವಾ ವಿರುದ್ಧದ ರಣಜಿ ಪಂದ್ಯದಲ್ಲಿ ಕರುಣ್ ನಾಯರ್ ಔಟಾಗದೆ 174 ಹೊಡೆದರು, ಕರ್ನಾಟಕ 371 ಗಳಿಸಿತು. ಊರಿಗೆ ಊರೇ 174ರ ಬಗ್ಗೆ ಮಾತಾಡಿತು, ಅದು ಸರಿಯೇ. ಆದರೆ ಅರ್ಧ ತಂಡ ಪೆವಿಲಿಯನ್ ಸೇರಿದ ಮೇಲೆ ಶ್ರೇಯಸ್ ಗೋಪಾಲ್ 57 ಹೊಡೆದು ಜೊತೆ ಕೊಡದಿದ್ದರೆ ಆ 174ಕ್ಕೆ ಜಾಗ ಎಲ್ಲಿರುತ್ತಿತ್ತು?

ಹಾಗಾಗಿ ಮುಂದಿನ ಸೀಸನ್‌ಗೆ ನನ್ನದೊಂದು ಸಲಹೆ. ಲಯನ್ಸ್ ಪಂದ್ಯ ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಮೂರು ಸಂಗತಿಗಳಿಗೆ ಒಂದೊಂದು ಅಂಕ ಕೊಡಿ. ಕೊನೆಯ ಐದು ಓವರ್‌ಗಳಲ್ಲಿ ಮೊದಲ ಎರಡು ಎಸೆತದೊಳಗೆ ಸಿಂಗಲ್ ತೆಗೆದು, ಕುದುರಿಕೊಂಡ ಬ್ಯಾಟರ್‌ಗೆ ಸ್ಟ್ರೈಕ್ ಕೊಟ್ಟವನಿಗೆ ಒಂದು. ಆರು ಅಥವಾ ಅದಕ್ಕೂ ಕಡಿಮೆ ರನ್ ಕೊಟ್ಟು ಓವರ್ ಮುಗಿಸಿದ ಬೌಲರ್‌ಗೆ, ಮರು ಓವರ್‌ನಲ್ಲಿ ಇನ್ನೊಂದು ತುದಿಯಿಂದ ವಿಕೆಟ್ ಬಿದ್ದರೆ ಒಂದು. ಆ ವಿಕೆಟ್‌ನಲ್ಲಿ ಅವನ ಪಾಲೂ ಇದೆ. ಕಷ್ಟದ ಎರಡನೇ ರನ್‌ಗೆ ಜೊತೆಗಾರನ ಕರೆಗೆ ತಡವರಿಸದೆ ಓಡಿದ ನಾನ್‌ಸ್ಟ್ರೈಕರ್‌ಗೆ ಒಂದು. ಹೀಗೆ ನಾಲ್ಕೈದು ಪಂದ್ಯ ಬರೆದರೆ ಸಿಕ್ಸರ್ ಎತ್ತುವವನ ಸುತ್ತ ಆಟ ಕಟ್ಟುವವರು ಇದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಯಾರನ್ನು ಕೈಬಿಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂಬ ವಾದಕ್ಕೂ ಆಗ ಗಟ್ಟಿ ಆಧಾರ ಸಿಗುತ್ತದೆ.

ಹರಾಜಿನಲ್ಲಿ ಆಟಗಾರರು ಬರುತ್ತಾರೆ, ಹೋಗುತ್ತಾರೆ. ಉಳಿಯುವುದು ಊರಿನ ಹೆಸರು, ಅದನ್ನು ಹಿಡಿದು ವಾದ ಮಾಡುವ ನಾವು. ದೊಡ್ಡ ಹೊಡೆತಗಳನ್ನು ಟಿವಿ ತಾನೇ ಮತ್ತೆ ಮತ್ತೆ ತೋರಿಸುತ್ತದೆ, ಅದಕ್ಕೆ ನಮ್ಮ ಸಾಕ್ಷಿ ಬೇಕಿಲ್ಲ. ಜೊತೆ ಕೊಟ್ಟವನ ಲೆಕ್ಕ ಇಡುವವರು ಮಾತ್ರ ಯಾರೂ ಇಲ್ಲ. ತಂಡದ ನಿಜವಾದ ಅಭಿಮಾನಿ ಮಾಡಬೇಕಾದ ಕೆಲಸ ಅದು.